ಉತ್ತರದ ಹುದುಲು ನೆಲ



2024ರ ಜುಲೈ ತಿಂಗಳಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಸಮಿತಿ ನಮ್ಮ ದೆಹಲಿಯಲ್ಲಿ ಸಭೆ ಸೇರಿತ್ತು. ಅಸ್ಸಾಮಿನ ಅಹೋಮ್ ಅರಸರ ಸಮಾಧಿ ದಿಬ್ಬಗಳಾದ ಮೊಯಿದಾಮ್‌ಗಳು ಪಟ್ಟಿಗೆ ಸೇರಿದ ಸುದ್ದಿಯನ್ನು ನೀವೂ ಕೇಳಿರಬಹುದು. ಅದೇ ಸಭೆಯಲ್ಲಿ ಇನ್ನೊಂದು ಜಾಗಕ್ಕೂ ಆ ಮನ್ನಣೆ ಸಿಕ್ಕಿತು. ಅಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ. ಇರುವುದು ನೀರು, ಪಾಚಿ, ಗಾಳಿ, ಕಣ್ಣು ಹಾಯುವಷ್ಟು ದೂರ ಆಕಾಶ. ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ, ಕೇತ್‌ನೆಸ್ ಮತ್ತು ಸದರ್ಲೆಂಡ್ ಎಂಬ ಎರಡು ಸೀಮೆಗಳಲ್ಲಿ ಹರಡಿಕೊಂಡಿರುವ ಆ ನೆಲದ ಹೆಸರು ಫ್ಲೋ ಕಂಟ್ರಿ. ಪೂರ್ತಿ ಕೊಳೆಯದ ಗಿಡಗಳಿಂದಾದ ಪೀಟ್ ನೆಲವೆಂಬ ಕಾರಣಕ್ಕಾಗಿಯೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೊದಲ ತಾಣ ಅದು. ನಾಲ್ಕು ದಶಕಗಳ ಹಿಂದೆ ಅದನ್ನೇ ಪಾಳು ನೆಲವೆಂದು ತಿಳಿದು ಉತ್ತುಹಾಕುತ್ತಿದ್ದರು. ಇವತ್ತು ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಕಾಲಿಟ್ಟರೆ ಮೊಣಕಾಲಿನವರೆಗೆ ಎಳೆದುಕೊಳ್ಳುವ ನೆಲಕ್ಕೆ ನಮ್ಮ ಮಲೆನಾಡಿನಲ್ಲಿ ಹುದುಲು ಎನ್ನುತ್ತಾರಲ್ಲ, ಅಂಥ ಹುದುಲು ಹೆಚ್ಚುಕಡಿಮೆ ಇಡೀ ಕೊಡಗು ಜಿಲ್ಲೆಯಷ್ಟು, ಅಂದರೆ ಸುಮಾರು 4,000 ಚದರ ಕಿಲೋಮೀಟರ್ ಹಬ್ಬಿದೆ ಎಂದುಕೊಳ್ಳಿ. ನಡುನಡುವೆ ಸಾವಿರಾರು ಸಣ್ಣ ಹೊಂಡಗಳು. ನೀರು ಕಪ್ಪು; ಗಾಳಿ ನಿಂತಾಗ ಕನ್ನಡಿ. ‘ಫ್ಲೋ’ ಎಂಬುದು ಸಾವಿರ ವರ್ಷಗಳ ಹಿಂದೆ ಹಡಗೇರಿ ಬಂದ ನಾರ್ಸ್ ಜನರ ಮಾತು. ಒದ್ದೆ ನೆಲ ಎಂದು ಅದರ ಅರ್ಥ.

ಈ ನೆಲವನ್ನು ಕಟ್ಟಿದ್ದು ಒಂದು ಪಾಚಿ. ಅದಕ್ಕೆ ಸ್ಫ್ಯಾಗ್ನಮ್ ಎನ್ನುತ್ತಾರೆ. ಬೇರಿಲ್ಲದ, ಬೆರಳುದ್ದದ ಗಿಡ. ತನ್ನ ಒಣತೂಕದ ಹತ್ತಿಪ್ಪತ್ತು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಗಾಳಿಯಾಡದ ಆ ಹುಳಿನೀರಿನಲ್ಲಿ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ. ಕೊಳೆಯದೆ ಉಳಿದದ್ದು ಪದರ ಪದರವಾಗಿ ಕೂತು ಪೀಟ್ ಆಗುತ್ತದೆ. ನಮ್ಮ ನರ್ಸರಿಗಳಲ್ಲಿ ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿಗೆ ಕೋಕೋಪೀಟ್ ಎಂಬ ಹೆಸರು ಬಂದದ್ದು ಈ ಪೀಟ್‌ನಿಂದಲೇ. ಪೀಟ್‌ಗೆ ಬದಲಿಯಾಗಿ ಆ ನಾರಿನ ಪುಡಿ ಬಳಕೆಗೆ ಬಂತು. ಪೀಟ್ ಬೆಳೆಯುವ ವೇಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಏರಬೇಕಾದರೆ ಸಾವಿರ ವರ್ಷ ಬೇಕು. ಅಲ್ಲಿ ಹಲವು ಮೀಟರ್ ಆಳದ ಪೀಟ್ ಇದೆ.

ಹಿಮಯುಗ ಮುಗಿದು, ಮಂಜುಗಡ್ಡೆ ಹಿಂದೆ ಸರಿದು, ಮಳೆ ಮಂಜು ಹೆಚ್ಚಿದ ಮೇಲೆ, ಸುಮಾರು 9,000 ವರ್ಷಗಳಿಂದ ಈ ಕಟ್ಟಡ ಏಳುತ್ತ ಬಂದಿದೆ. ಅದರೊಳಗೆ ಕಾಲವೇ ಹೂತಿದೆ. ಕೊರೆದು ತೆಗೆದರೆ ಸಾವಿರಾರು ವರ್ಷಗಳ ಹಿಂದಿನ ಹೂವಿನ ಪರಾಗ ಸಿಗುತ್ತದೆ. ಸಮುದ್ರದಾಚೆಯ ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿ ಉಗುಳಿದ ಬೂದಿಯ ಕಣಗಳು ಕೇತ್‌ನೆಸ್‌ನ ಪೀಟ್‌ನಲ್ಲಿ ಸಿಕ್ಕಿವೆ. ಒಂದು ಕಾಲಕ್ಕೆ ಪೈನ್ ಮರಗಳು ಇಲ್ಲಿಗೂ ಹಬ್ಬಿ, ಮತ್ತೆ ನೀರಿಗೆ ಸೋತು ಹಿಂದೆ ಸರಿದ ಗುರುತಾಗಿ ಅವುಗಳ ಬೊಡ್ಡೆಗಳು ಪೀಟ್‌ನ ಅಡಿಯಲ್ಲಿ ಹಾಗೇ ಉಳಿದಿವೆ.

ಇನ್ನು ಅಲ್ಲಿನ ಜೀವಗಳು. ಸತ್ತ್ವವಿಲ್ಲದ ಆ ನೆಲದಲ್ಲಿ ಡ್ರಾಸೆರಾ ಗಿಡ ಎಲೆಯ ಅಂಟುಹನಿಗಳಿಂದ ನುಸಿ ಹಿಡಿದು ತಿಂದು ಬದುಕುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲೂ ಇದರ ಬಳಗದ ಗಿಡಗಳಿವೆ. ಬೇಸಿಗೆಯಲ್ಲಿ ರಾತ್ರಿ ಎಂಬುದು ಅಲ್ಲಿ ಹೆಸರಿಗಷ್ಟೇ. ಆ ದೀರ್ಘ ಬೆಳಕಿನಲ್ಲಿ ಕೆಂಪು ಕತ್ತಿನ ಡೈವರ್ ಹಕ್ಕಿ ಕಪ್ಪು ಹೊಂಡದ ಅಂಚಿನಲ್ಲಿ ಮೊಟ್ಟೆಯಿಡುತ್ತದೆ, ಮೀನಿಗಾಗಿ ಸಮುದ್ರಕ್ಕೆ ಹಾರಿ ಹೋಗಿ ಬರುತ್ತದೆ. ನಮ್ಮ ಟಿಟ್ಟಿಭದ ಬಂಧುವಾದ ಗೋಲ್ಡನ್ ಪ್ಲವರ್‌ನ ಒಂಟಿ ಸಿಳ್ಳು ದೂರದವರೆಗೂ ಕೇಳುತ್ತದೆ. ಸೆಳೆವಗಳು, ಗಿಡ್ಡಗಿವಿ ಗೂಬೆಗಳು ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಇಲಿ ಹುಡುಕುತ್ತವೆ. ಹೊಳೆಗಳಲ್ಲಿ ನೀರುನಾಯಿ, ಬಯಲಲ್ಲಿ ಕೆಂಪು ಜಿಂಕೆ.

ಹಸಿರು ಕಾಲಿನ ಗದ್ದೆಗೊರವದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಚಳಿಗಾಲದಲ್ಲಿ ನಮ್ಮ ಕೆರೆಗಳ ಅಂಚಿನಲ್ಲಿ ‘ಟ್ಯೂ ಟ್ಯೂ ಟ್ಯೂ’ ಎಂದು ಕೂಗಿ ಹಾರುವ ಹಕ್ಕಿಯ ಜಾತಿಯೇ ಅದು. ನಮ್ಮಲ್ಲಿಗೆ ಬರುವವು ರಷ್ಯಾದ ಕಡೆಯವು. ಸ್ಕಾಟ್ಲೆಂಡಿನವು ಬೇರೆ ದಾರಿ ಹಿಡಿಯುತ್ತವೆ. ನಾವು ಅದರ ಚಳಿಗಾಲವನ್ನಷ್ಟೇ ಬಲ್ಲೆವು. ಅದು ಗೂಡು ಕಟ್ಟುವ ಗುಟ್ಟನ್ನು ಅರಿಯಲು ಡೆಸ್ಮಂಡ್ ನೆದರ್‌ಸೋಲ್-ಥಾಮ್ಸನ್ ಎಂಬಾತ ಬೇಸಿಗೆಯಿಂದ ಬೇಸಿಗೆಗೆ ಹೆಂಡತಿ ಮಕ್ಕಳೊಡನೆ ಸದರ್ಲೆಂಡಿನ ಬಯಲಿನಲ್ಲಿ ಬೀಡುಬಿಟ್ಟ. ಮೊಟ್ಟೆಯ ಮೇಲೆ ಕೂತ ಹಕ್ಕಿ ಸುತ್ತಲಿನ ಕಲ್ಲು, ಹೆದರ್ ಪೊದೆಗಳ ಬಣ್ಣದಲ್ಲೇ ಕರಗಿಹೋಗುತ್ತದೆ. ಕಾಲ ಬುಡದಲ್ಲಿದ್ದರೂ ಕಾಣದು.

ಮನುಷ್ಯರು ಈ ನೆಲದ ಅಂಚಿನಲ್ಲಿ, ಹೊಳೆ ಕಣಿವೆಗಳಲ್ಲಿ ಬಾಳಿದರು. ಪೀಟನ್ನು ಇಟ್ಟಿಗೆಯಂತೆ ಕೊಯ್ದು, ಗಾಳಿಗೆ ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಮರವಿಲ್ಲದ ಸೀಮೆಗೆ ಅದೇ ಸೌದೆ. ಆ ಬದುಕನ್ನು ಮುರಿದದ್ದು ಕುರಿ. ಉಣ್ಣೆಯಲ್ಲಿ ಲಾಭ ಕಂಡ ಜಮೀನ್ದಾರಿಕೆ ಕಣಿವೆಯ ಒಕ್ಕಲುಗಳನ್ನು ಎಬ್ಬಿಸಿ ಕಡಲತೀರಕ್ಕೆ ತಳ್ಳಿತು. 1814ರಲ್ಲಿ ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳಿಗೆ ಬೆಂಕಿ ಇಟ್ಟರು. ಆ ಜಮೀನ್ದಾರಿ ಎಸ್ಟೇಟಿನ ಪರವಾಗಿ ನಿಂತು ಒಕ್ಕಲೆಬ್ಬಿಸಿದ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ವಿಚಾರಣೆ ಎದುರಿಸಿ ಖುಲಾಸೆಯಾದ. 1819ರಲ್ಲಿ ಮತ್ತೆ ಊರುಗಳು ಉರಿದವು. ಕಲ್ಲುಕೆಲಸದ ಡೊನಾಲ್ಡ್ ಮೆಕ್ಲೌಡ್ ಕಣ್ಣಾರೆ ಕಂಡದ್ದನ್ನು ಮುಂದೆ ಬರೆದಿಟ್ಟ. ಇವತ್ತು ಪ್ರವಾಸಿಗರು ‘ನಿರ್ಜನ’ ಎಂದು ಮೆಚ್ಚುವ ಆ ಕಣಿವೆಗಳ ಮೌನದಲ್ಲಿ ಸ್ವಲ್ಪ ಪಾಲು ಈ ಬೆಂಕಿಯದು. ಇದನ್ನು ಬಿಟ್ಟು ಆ ಭೂದೃಶ್ಯದ ಚೆಲುವನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

1874ರಲ್ಲಿ ರೈಲು ಬಂತು. ಬೇಟೆಯ ದೊರೆಗಳು ಬಂದರು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದಾದಾಗ ಸ್ಕಾಟ್ಲೆಂಡಿನ ಬಯಲುಗಳ ಸ್ಫ್ಯಾಗ್ನಮ್ ಪಾಚಿಯನ್ನು ಆಯ್ದು, ಒಣಗಿಸಿ, ಸೈನಿಕರ ಗಾಯಕ್ಕೆ ಕಟ್ಟಿದರು. ನೆಲ ಮಾತ್ರ ಹಾಗೇ ಇತ್ತು. ನೇಗಿಲು ಅಲ್ಲಿಗೆ ಇಳಿಯುತ್ತಿರಲಿಲ್ಲ.

ಹುದುಲಿನಲ್ಲೂ ನಡೆಯುವ ಭಾರಿ ನೇಗಿಲುಗಳು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಅದರ ಜೊತೆಗೆ ತೆರಿಗೆಯ ಒಂದು ನಿಯಮ ಸೇರಿತು. ಮರ ನೆಟ್ಟ ಖರ್ಚನ್ನು ಬೇರೆ ಆದಾಯದಿಂದ ಕಳೆಯಲು ಬ್ರಿಟನ್ನಿನ ಕಾನೂನಿನಲ್ಲಿ ಅವಕಾಶವಿತ್ತು. ಸಿರಿವಂತರ ಆದಾಯ ತೆರಿಗೆ 1980ರ ದಶಕದಲ್ಲಿ ನೂರಕ್ಕೆ 60ರವರೆಗೆ ಇತ್ತು. ಫ್ಲೋ ಕಂಟ್ರಿಯ ನೆಲ ಅಗ್ಗ. ಆ ಬಯಲನ್ನು ಒಮ್ಮೆಯೂ ಕಾಣದವರ ಹಣದಲ್ಲಿ ಸಾವಿರಾರು ಹೆಕ್ಟೇರ್ ಪೀಟನ್ನು ಸೀಳಿ, ಕಾಲುವೆ ತೋಡಿ, ಉತ್ತರ ಅಮೆರಿಕದ ಸಿಟ್ಕಾ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ಸಸಿಗಳನ್ನು ನೆಟ್ಟರು. ಕಾಲುವೆ ನೀರನ್ನು ಹರಿಸಿತು, ಮರ ಉಳಿದದ್ದನ್ನು ಹೀರಿತು. ಪೀಟ್ ಒಣಗಿ ಬಿರಿಯಿತು. ಕಾಡಿನ ನೆರಳಿನಲ್ಲಿ ನರಿಗಳು, ಕಾಗೆಗಳು ನೆಲೆಯಾಗಿ ಬಯಲಿನ ಗೂಡುಗಳಿಗೆ ಕನ್ನ ಹಾಕಿದವು. ತೋಪಿನ ಅಂಚಿನಿಂದ ನೂರಾರು ಮೀಟರ್ ದೂರದವರೆಗೂ ಗೋಲ್ಡನ್ ಪ್ಲವರ್ ಗೂಡು ಕಟ್ಟಲು ಹಿಂಜರಿಯುತ್ತದೆ.

1987ರಲ್ಲಿ ಸರ್ಕಾರದ್ದೇ ಆದ ನಿಸರ್ಗ ಸಂರಕ್ಷಣಾ ಮಂಡಳಿ ವರದಿ ಹೊರಡಿಸಿ, ಇಲ್ಲಿ ಇನ್ನು ಮರ ನೆಡಬಾರದು ಎಂದಿತು. ಡೆರಿಕ್ ರಾಟ್‌ಕ್ಲಿಫ್‌ರಂಥ ವಿಜ್ಞಾನಿಗಳು ಅದರ ಹಿಂದಿದ್ದರು. ಡಿಡಿಟಿ ವಿಷದಿಂದ ಡೇಗೆಯ ಮೊಟ್ಟೆಯ ಸಿಪ್ಪೆ ತೆಳುವಾಗುತ್ತಿದೆ ಎಂದು ಮೊದಲು ತೋರಿಸಿದವರು ಅವರೇ. ವರದಿ ಹೊರಬಿದ್ದದ್ದು ಲಂಡನ್ನಿನಲ್ಲಿ. ಮರ ನೆಡುವ ಕೆಲಸವೂ ಹೋಗುತ್ತದೆಂದು ಕೆಲಸವಿಲ್ಲದ ಸೀಮೆಯ ಜನಕ್ಕೆ ಸಿಟ್ಟು ಬಂತು, ಅದು ಸಹಜವೂ ಆಗಿತ್ತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಕರ್ನಾಟಕದ ಕುಸನೂರಿನ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿಯನ್ನು ಅಲ್ಲಿನ ರೈತರು ಕಿತ್ತು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ಎರಡೂ ಕಡೆ ಬರಿದೆಂದು ಕಂಡ ನೆಲ ಬರಿದಾಗಿರಲಿಲ್ಲ. ನಮ್ಮಲ್ಲಿ ಅದನ್ನು ನೆಲದ ಜನವೇ ಹೇಳಿದರು. ಅಲ್ಲಿ ಹೊರಗಿನವರು ಹೇಳಬೇಕಾಯಿತು. ಆ ಅಂತರ ತುಂಬಲು ಫ್ಲೋ ಕಂಟ್ರಿಗೆ ದಶಕಗಳೇ ಬೇಕಾದವು.

1988ರ ಮಾರ್ಚ್ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ನೈಜಲ್ ಲಾಸನ್ ಆ ತೆರಿಗೆ ಅನುಕೂಲವನ್ನು ತೆಗೆದುಹಾಕಿದರು. ನೇಗಿಲು ನಿಂತಿತು. ನೆಲದೊಳಗೆ ಅಂದಾಜು 40 ಕೋಟಿ ಟನ್ ಇಂಗಾಲ ಹೂತಿದೆ, ಒಣಗಿದರೆ ಅದು ಗಾಳಿಗೆ ಸೇರುತ್ತದೆ ಎಂಬ ಅರಿವು ಬಲವಾದದ್ದು ಆಮೇಲೆ.

1995ರಲ್ಲಿ ಹಕ್ಕಿಗಳ ರಕ್ಷಣೆಗೆ ದುಡಿಯುವ ಆರ್‌ಎಸ್‌ಪಿಬಿ ಸಂಸ್ಥೆ ಫಾರ್ಸಿನಾರ್ಡ್ ಎಂಬಲ್ಲಿ ನೆಲ ಕೊಂಡಿತು. ಅಂದಿನಿಂದ ಅಲ್ಲಿ ಮರ ಕಡಿಯುವುದೇ ಸಂರಕ್ಷಣೆ. ಕಡಿದ ಎಳೆಮರಗಳನ್ನು ಸಾಲುಗಳಿಗೇ ಉರುಳಿಸಿದರು, ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿದರು. ಫಾರ್ಸಿನಾರ್ಡ್‌ನ ಪುಟ್ಟ ರೈಲು ನಿಲ್ದಾಣದ ಕಟ್ಟಡದಲ್ಲೇ ಸಂದರ್ಶಕರ ಕೇಂದ್ರವಿದೆ. ಮರ ಕಡಿದ ಜಾಗಗಳಲ್ಲಿ ಹಳೆಯ ನೇಗಿಲ ಸಾಲುಗಳು ಇನ್ನೂ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ದಿಂಡಿನ ಮೇಲೆ ಬಿಳಿ ಅರಳೆಯಂಥ ಹೂಹುಲ್ಲು. ತಗ್ಗಿನಲ್ಲಿ, ನಿಂತ ನೀರಿನೊಳಗೆ, ಸ್ಫ್ಯಾಗ್ನಮ್ ಮತ್ತೆ ಹಸಿರಾಗುತ್ತಿದೆ.