ಪರದೇಶಿ ಟಿಕೆಟ್

ನಾನು ಇತಿಹಾಸ ಓದಿದವಳಲ್ಲ, ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವಳು. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಮ್ಮನ ಜೊತೆ ನಾಸಿಕ್ ಮತ್ತು ಎಲ್ಲೋರ ನೋಡಿ ಬಂದೆ. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಾಸಿಕ್ ಪೇಟೆಯಿಂದ ಸುಮಾರು ಎಂಟು ಕಿ.ಮೀ. ದೂರದ ಬೆಟ್ಟದಲ್ಲಿ ಪಾಂಡವಲೇಣಿ ಇದೆ. ಹೆಸರು ಪಾಂಡವರದು, ಆದರೆ ಅಲ್ಲಿನ 24 ಗುಹೆಗಳಲ್ಲಿ ಹೆಚ್ಚಿನವು ಬೌದ್ಧ ಭಿಕ್ಷುಗಳಿಗಾಗಿ ಕೊರೆದವು. ಟಿಕೆಟ್ ಕೊಳ್ಳುವಾಗ ಗೊತ್ತಾಯಿತು, ನನ್ನ ಓಸಿಐ ಕಾರ್ಡು ಹೋಟೆಲಿನಲ್ಲೇ ಉಳಿದಿದೆ. ಕೈಯಲ್ಲಿದ್ದದ್ದು ಅಮೆರಿಕದ ಪಾಸ್‌ಪೋರ್ಟ್. ತಪ್ಪು ನನ್ನದೇ. ಅಮ್ಮನಿಗೆ ಭಾರತೀಯರ ಟಿಕೆಟ್, ನನಗೆ ವಿದೇಶಿಯರದು. ಅಮ್ಮ ಎರಡನ್ನೂ ತಿರುಗಿಸಿ ನೋಡಿ, "ಅಯ್ಯೋ, ನನ್ನ ಮಗಳು ಪರದೇಶಿ ಆಗಿಬಿಟ್ಟಳಲ್ಲೇ!" ಎಂದರು. ನಕ್ಕೆ. ಮೆಟ್ಟಿಲು ಹತ್ತುವಾಗ ಮಾತ್ರ ಆ ಪದ ಚುಚ್ಚುತ್ತಲೇ ಇತ್ತು. ನಮ್ಮ ಕಡೆ ಪರದೇಶಿ ಅಂದರೆ ದಿಕ್ಕಿಲ್ಲದವಳು ಅಂತಲೂ ಅರ್ಥ ಅಲ್ಲವೇ?

ಅಲ್ಲಿನ ಶಾಸನಗಳನ್ನು ಸೆನಾರ್ ಎಂಬ ಫ್ರೆಂಚ್ ವಿದ್ವಾಂಸರು ನೂರು ವರ್ಷಕ್ಕೂ ಹಿಂದೆ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅನುವಾದದೊಂದಿಗೆ ಪ್ರಕಟಿಸಿದ್ದಾರೆ. ಅದನ್ನು ಫೋನಿಗೆ ಇಳಿಸಿಕೊಂಡು ಹೋಗಿದ್ದೆ. 17ನೇ ಗುಹೆ ಮಾಡಿಸಿದವನು ಇಂದ್ರಾಗ್ನಿದತ್ತ ಎಂಬ ಯವನ, ಉತ್ತರದಿಂದ ಬಂದವನು. 10ನೇ ಗುಹೆ ಶಕ ದೊರೆ ನಹಪಾನನ ಅಳಿಯ ಉಷವದಾತನದು. ಅದರ ವರಾಂಡದ ಒಂದು ಕೋಣೆಯನ್ನು ಕೊಟ್ಟವಳು ಅವನ ಹೆಂಡತಿ ದಕ್ಷಮಿತ್ರಾ. ಅಂದರೆ ಅಲ್ಲಿ ಪರದೇಶಿ ಟಿಕೆಟಿನವಳು ನಾನೊಬ್ಬಳೇ ಅಲ್ಲ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಗುಹೆಯ ಅಂಗಳದ ಇನ್ನೊಂದು ಶಾಸನ. ಮೂರನೇ ಶತಮಾನದ್ದು, ಆಭೀರ ರಾಜ ಈಶ್ವರಸೇನನ ಕಾಲದ್ದು. ಅಮ್ಮನಿಗೆ ಓದಿ ಹೇಳಿದೆ: "ಶಕ ಅಗ್ನಿವರ್ಮನ ಮಗಳು, ರೇಭಿಲನ ಹೆಂಡತಿ, ವಿಶ್ವವರ್ಮನ ತಾಯಿ..."

"ಅವಳ ಹೆಸರು ಏನೇ?" ಎಂದರು ಅಮ್ಮ.

ವಿಷ್ಣುದತ್ತಾ. ಹೆಸರು ಕೊನೆಗೆ ಬರುತ್ತದೆ, ನಮ್ಮ ಅರ್ಜಿಗಳಲ್ಲಿ ತಂದೆಯ ಹೆಸರು, ಗಂಡನ ಹೆಸರು ತುಂಬಿ ಸುಸ್ತಾದ ಹಾಗೆ. ಆದರೆ ಅವಳು ಮಾಡಿದ ಕೆಲಸ ನೋಡಿ. ಕಾಯಿಲೆ ಬಿದ್ದ ಭಿಕ್ಷುಗಳ ಔಷಧಿಗೆಂದು ಹಣ ಇಟ್ಟಳು. ಎಲ್ಲವನ್ನೂ ಒಂದೇ ಕಡೆ ಇಡಲಿಲ್ಲ. ಕುಂಬಾರರ ಶ್ರೇಣಿ, ನೀರೆತ್ತುವ ಯಂತ್ರ ಮಾಡುವವರ ಶ್ರೇಣಿ, ಗಾಣಿಗರ ಶ್ರೇಣಿ ಎಂದು ಹಂಚಿದಳು. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲೇ ಔಷಧಿ. ಉಷವದಾತನೂ ಹೀಗೆಯೇ 3000 ಕಾರ್ಷಾಪಣ ಇಟ್ಟಿದ್ದ. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, 1000ಕ್ಕೆ ಮುಕ್ಕಾಲು ಬಡ್ಡಿ. ನಮ್ಮ ಕೂಟದ ಖಜಾಂಚಿಯವರು ದಯವಿಟ್ಟು ಗಮನಿಸಬೇಕು!

ಅಮ್ಮ ಆ ಗೋಡೆಯ ಎದುರು ಬಹಳ ಹೊತ್ತು ಕೂತರು. ಮೊದಲ ವರ್ಷ ನನಗೆ ಜ್ವರ ಬಂದು ಮಲಗಿದ್ದಾಗ ಪಕ್ಕದ ಮನೆಯ ಮೆಕ್ಸಿಕೋದ ಹೆಂಗಸು ಸೂಪು ತಂದುಕೊಟ್ಟಿದ್ದನ್ನು ಫೋನಿನಲ್ಲಿ ಹೇಳಿದ್ದೆ. ಅದನ್ನು ನಾನು ಮರೆತಿದ್ದೆ, ಅಮ್ಮ ಮರೆತಿರಲಿಲ್ಲ. "ಅವಳು ಈಗ ಎಲ್ಲಿದಾಳೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ಬದಲಿಸಿದ ಮೇಲೆ ಒಂದು ಮೆಸೇಜೂ ಹಾಕಿರಲಿಲ್ಲ.

ಮರುದಿನ ಛತ್ರಪತಿ ಸಂಭಾಜಿನಗರ. ಹೋಗುವವರಿಗೆ ಒಂದು ಮಾತು: ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ. ಎಲ್ಲೋರದಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಓಸಿಐ ತೋರಿಸಿದರೆ 40ಕ್ಕೇ ಬಿಡುತ್ತಾರೆ, ಹಾಗಾಗಿ ಕಾರ್ಡು ಮರೆಯಬೇಡಿ. ಎಲ್ಲರೂ ರಾಷ್ಟ್ರಕೂಟ ಕೃಷ್ಣನ ಕೈಲಾಸಕ್ಕೇ ಓಡುತ್ತಾರೆ. ನಾವೂ ಓಡಿದೆವು, ನಮ್ಮವರದಲ್ಲವೇ! ಆದರೆ ಮೊದಲ 12 ಬೌದ್ಧ ಗುಹೆಗಳನ್ನು ಬಿಡಬೇಡಿ. 10ನೆಯದರಲ್ಲಿ ಕಲ್ಲಿನ ಸೂರನ್ನು ಮರದ ತೊಲೆಗಳಂತೆ ಕೆತ್ತಿದ್ದಾರೆ.

ಅಲ್ಲಿಂದ ಚಾಳೀಸಗಾಂವ್ ರಸ್ತೆಗೆ ತಿರುಗಿದಾಗ ದೇವನಾಗರಿಯಲ್ಲಿ ಒಂದು ಫಲಕ: 'ಕನ್ನಡ'. ಅದು ಒಂದು ತಾಲ್ಲೂಕಿನ ಊರು. ಅಮ್ಮ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ನಾನು ಹಿಂದಿನ ಸೀಟಿನಲ್ಲಿ ಕೂತು ಹಳೆಯ ಫೋನ್ ನಂಬರೊಂದನ್ನು ಹುಡುಕುತ್ತಿದ್ದೆ.