ಕ್ಯಾಮೆರಾದ ಹಿಂದೆ ನಿಂತ ಕಥೆಗಾರ: ಜಯಕಾಂತನ್



ಸಾಹಿತಿಗಳು ತಮ್ಮ ಕಥೆಯನ್ನು ಸಿನಿಮಾದವರ ಕೈಗೆ ಕೊಟ್ಟು, ಆಮೇಲೆ ತೆರೆಯ ಮೇಲೆ ಅದರ ಗತಿ ನೋಡಿ ಕೊರಗುವುದುಂಟು. ಕೊರಗುತ್ತ ಕೂರದೆ ತಾವೇ ನಿರ್ದೇಶನಕ್ಕೆ ಇಳಿದವರು ಕಡಿಮೆ. ಕನ್ನಡದಲ್ಲಿ ಚದುರಂಗರು 1968ರಲ್ಲಿ ತಮ್ಮ ‘ಸರ್ವಮಂಗಳಾ’ ಕಾದಂಬರಿಯನ್ನು ತಾವೇ ಚಿತ್ರವಾಗಿಸಿದರು. ತಮಿಳಿನಲ್ಲಿ ಅದಕ್ಕೂ ಮೂರು ವರ್ಷ ಮೊದಲೇ ಆ ಧೈರ್ಯ ತೋರಿದವರು ಡಿ. ಜಯಕಾಂತನ್. ಅವರನ್ನು ನಾವು ಜ್ಞಾನಪೀಠದ ಲೇಖಕರೆಂದು ಬಲ್ಲೆವು. ಚಿತ್ರ ನಿರ್ದೇಶಕ ಜಯಕಾಂತನ್‌ರ ಕಥೆಯನ್ನೂ ಅಷ್ಟೇ ಮನಸ್ಸಿಟ್ಟು ಕೇಳಬೇಕೆಂದು ನನಗನ್ನಿಸುತ್ತದೆ.

ಜಯಕಾಂತನ್ ಹುಟ್ಟಿದ್ದು 1934ರ ಏಪ್ರಿಲ್ 24ರಂದು, ಕಡಲೂರಿನಲ್ಲಿ. ಓದು ಐದನೆಯ ತರಗತಿಗೇ ನಿಂತಿತು. ಮನೆ ಬಿಟ್ಟು ವಿಳುಪ್ಪುರದ ಸೋದರಮಾವನ ಬಳಿ ಹೋದ ಹುಡುಗನಿಗೆ ಅಲ್ಲಿ ಕಮ್ಯುನಿಸಂನ ಪರಿಚಯವಾಯಿತು. ಮುಂದೆ ಮದರಾಸಿಗೆ ಬಂದು ಕಮ್ಯುನಿಸ್ಟ್ ಪಕ್ಷದ ಕಮ್ಯೂನ್‌ನಲ್ಲಿ ನೆಲೆ ಕಂಡುಕೊಂಡ. ಪಕ್ಷದ ಪತ್ರಿಕೆ ‘ಜನಶಕ್ತಿ’ಯ ಮುದ್ರಣಾಲಯದಲ್ಲಿ ದುಡಿದ, ಬೀದಿಯಲ್ಲಿ ನಿಂತು ಪತ್ರಿಕೆ ಮಾರಿದ. ಜೀವಾನಂದಂ ಅವರಂಥ ನಾಯಕರ ಮಾತು ಕೇಳುತ್ತ ಸಾಹಿತ್ಯ ಕಲಿತ. ಕಾಲೇಜು ಯಾರಿಗೂ ಕೊಡಲಾರದ ಕಲಿಕೆ ಇದು. ಮದರಾಸಿನ ಕೊಳೆಗೇರಿಗಳ ಮಾತು, ಜಗಳ, ಮಮತೆ ಎಲ್ಲವೂ ಅವರ ಕಥೆಗಳಿಗೆ ಬಂದದ್ದು ಅಲ್ಲಿ ಬಾಳಿದ ಅನುಭವದಿಂದ. ಐವತ್ತರ ದಶಕದಲ್ಲಿ ‘ಸರಸ್ವತಿ’ಯಂಥ ಸಣ್ಣ ಪತ್ರಿಕೆಗಳಲ್ಲಿ ಬರೆದರು. ಅರವತ್ತರ ದಶಕದಲ್ಲಿ ‘ಆನಂದ ವಿಕಟನ್’ ಅವರನ್ನು ತಮಿಳುನಾಡಿನ ಮನೆಮನೆಗೆ ಮುಟ್ಟಿಸಿತು.

ಹೆಸರು ಹೀಗೆ ಮೇಲೇರುತ್ತಿದ್ದಾಗಲೇ ಅವರು ಚಿತ್ರರಂಗಕ್ಕೆ ಕಾಲಿಟ್ಟರು. ಮೊದಲ ಚಿತ್ರ ‘ಉನ್ನೈಪೋಲ್ ಒರುವನ್’, ಅಂದರೆ ‘ನಿನ್ನಂಥವನೇ ಒಬ್ಬ’. ಕಥೆ, ನಿರ್ದೇಶನ ಎರಡೂ ಅವರದೇ. ಕೊಳೆಗೇರಿಯಲ್ಲಿ ಕೂಲಿ ಮಾಡಿ ಬದುಕುವ ತಂಗಂ ಎಂಬ ಹೆಣ್ಣು, ಅವಳ ಮಗ ಚಿಟ್ಟಿ. ಗಿಣಿಶಾಸ್ತ್ರ ಹೇಳುವವನೊಬ್ಬ ಅವಳ ಬಾಳಿನೊಳಗೆ ಬರುತ್ತಾನೆ. ಹುಡುಗನಿಗೆ ಅದನ್ನು ಸಹಿಸಲಾಗುವುದಿಲ್ಲ. ತಾಯಿ ಬಸುರಿಯಾದಾಗ ಅವನ ಸಿಟ್ಟು ಇನ್ನೂ ಏರುತ್ತದೆ. ಆ ಹೆಣ್ಣಿನ ಆಸೆಯನ್ನಾಗಲಿ ಮಗನ ರೋಷವನ್ನಾಗಲಿ ಜಯಕಾಂತನ್ ತಪ್ಪೆಂದು ತೀರ್ಪು ಕೊಡುವುದಿಲ್ಲ. ಬಡವರ ಮೇಲೆ ಕನಿಕರ ಸುರಿಸುವುದು ಸುಲಭ, ಅವರಿಗೂ ಬಯಕೆಯಿದೆ, ಮಾನವಿದೆ, ಹಟವಿದೆ ಎಂದು ಒಪ್ಪಿ ತೋರಿಸುವುದು ಕಷ್ಟ. ಆ ಕಷ್ಟದ ಕೆಲಸವನ್ನೇ ಅವರು ಕೈಗೆತ್ತಿಕೊಂಡರು. ಎಂ.ಜಿ.ಆರ್., ಶಿವಾಜಿ ಗಣೇಶನ್‌ರಂಥ ತಾರೆಯರ ಆ ಕಾಲದಲ್ಲಿ ಜನಪ್ರಿಯ ನಾಯಕನಿಲ್ಲದ ಚಿತ್ರಕ್ಕೆ ಥಿಯೇಟರ್ ತುಂಬಲಿಲ್ಲ. ಆದರೆ 1964ನೆಯ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಅದು ದೇಶದ ಮೂರನೆಯ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆಯಿತು. ಆ ಸಾಲಿನ ಮೊದಲ ಸ್ಥಾನ ಸತ್ಯಜಿತ್ ರಾಯ್ ಅವರ ‘ಚಾರುಲತಾ’ದ್ದು. ನಮ್ಮ ‘ಸಂಸ್ಕಾರ’ ತೆರೆ ಕಂಡದ್ದು 1970ರಲ್ಲಿ ಎಂಬುದನ್ನು ನೆನೆದರೆ, ದಕ್ಷಿಣದಲ್ಲಿ ಈ ಮನುಷ್ಯ ಎಷ್ಟು ಬೇಗ ಹೊರಟಿದ್ದರೆಂದು ತಿಳಿಯುತ್ತದೆ.

1966ರಲ್ಲಿ ‘ಯಾರುಕ್ಕಾಗ ಅಳುದಾನ್’ ಬಂತು. ಲಾಡ್ಜೊಂದರಲ್ಲಿ ಹಣ ಕಾಣೆಯಾಗುತ್ತದೆ. ಏನೂ ಅರಿಯದ ಕೆಲಸದಾಳು ಜೋಸೆಫ್ ಮೇಲೆ ಕಳ್ಳತನದ ಆರೋಪ ಬೀಳುತ್ತದೆ. ಜೋಸೆಫ್ ಪಾತ್ರಕ್ಕೆ ಅವರು ಆರಿಸಿಕೊಂಡದ್ದು ನಾಗೇಶ್ ಅವರನ್ನು. ಕಂಡೊಡನೆ ಜನ ನಗುತ್ತಿದ್ದ ನಟನಿಗೆ ಏಟು ತಿಂದು ಸುಮ್ಮನಿರುವ ಪಾತ್ರ ಕೊಟ್ಟದ್ದು ನಿರ್ದೇಶಕನಾಗಿ ಅವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ಸಾಕ್ಷಿ.

ಅದೇ ವರ್ಷ ‘ವಿಕಟನ್’ನಲ್ಲಿ ‘ಅಗ್ನಿಪ್ರವೇಶಂ’ ಎಂಬ ಸಣ್ಣ ಕಥೆ ಅಚ್ಚಾಯಿತು. ಮಳೆಯ ಸಂಜೆ ಬಸ್ಸಿಗೆ ಕಾಯುವ ಕಾಲೇಜು ಹುಡುಗಿ. ಕಾರಿನಲ್ಲಿ ಹತ್ತಿಸಿಕೊಂಡವನಿಂದ ಅವಳು ಕೆಡುತ್ತಾಳೆ. ಮನೆಗೆ ಬಂದ ಮಗಳ ತಲೆಯ ಮೇಲೆ ತಾಯಿ ನೀರು ಸುರಿದು, ನೀನು ಶುದ್ಧಳಾದೆ, ಯಾರಿಗೂ ಹೇಳಬೇಡ ಎನ್ನುತ್ತಾಳೆ. ಎಂಥ ತಾಯಿ! ಆದರೆ ಓದುಗರಲ್ಲಿ ಹಲವರು ಕೆರಳಿದರು, ಭಾರಿ ವಾದವೇ ಎದ್ದಿತು. ಜಯಕಾಂತನ್ ಹಿಂಜರಿಯಲಿಲ್ಲ. ತಾಯಿ ಹಾಗೆ ಮಾಡದೆ ವಠಾರಕ್ಕೆಲ್ಲ ಕೇಳುವಂತೆ ಗೋಳಾಡಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತು ಎಂದು ತಮ್ಮನ್ನೇ ಕೇಳಿಕೊಂಡು ‘ಸಿಲ ನೇರಂಗಳಿಲ್ ಸಿಲ ಮನಿದರ್‌ಗಳ್’ ಕಾದಂಬರಿ ಬರೆದರು. ಅಣ್ಣ ಮನೆಯಿಂದ ಹೊರಗಟ್ಟಿದ ಗಂಗಾ ಓದಿ ಕೆಲಸಕ್ಕೆ ಸೇರುತ್ತಾಳೆ, ಆಸರೆ ಕೊಟ್ಟ ಮಾವನ ಕೆಟ್ಟ ಕಣ್ಣಿನಿಂದ ತಪ್ಪಿಸಿಕೊಳ್ಳಲು ಹೆಣಗುತ್ತಾಳೆ, ಕೊನೆಗೆ ತನ್ನನ್ನು ಕೆಡಿಸಿದವನನ್ನೇ ಹುಡುಕಿಕೊಂಡು ಹೋಗುತ್ತಾಳೆ. ಟೀಕೆಗೆ ಒಬ್ಬ ಲೇಖಕ ಕೊಡಬಹುದಾದ ಇದಕ್ಕಿಂತ ಘನವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. 1972ರಲ್ಲಿ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅದನ್ನು ಚಿತ್ರವಾಗಿಸುವಾಗ ನಿರ್ದೇಶನದ ಹೊಣೆ ಹೊತ್ತವರು ಎ. ಭೀಮ್‌ಸಿಂಗ್. ಶಿವಾಜಿಯವರೊಂದಿಗೆ ಕಣ್ಣೀರಿನ ಕೌಟುಂಬಿಕ ಚಿತ್ರಗಳನ್ನು ಮಾಡಿ ಗೆದ್ದವರು ಜಯಕಾಂತನ್‌ರ ಬರವಣಿಗೆಗೆ ತಮ್ಮ ಅನುಭವವನ್ನೆಲ್ಲ ಧಾರೆಯೆರೆದರು. ಗಂಗಾ ಆಗಿ ನಟಿಸಿದವರು ನಮಗೆ ‘ಜೂಲಿ’ ಲಕ್ಷ್ಮಿ ಎಂದೇ ಪರಿಚಿತರಾದ ಲಕ್ಷ್ಮಿ. ಆ ಪಾತ್ರ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ತಂದಿತು. ಬಳಿಕ ಭೀಮ್‌ಸಿಂಗ್‌-ಜಯಕಾಂತನ್ ಜೋಡಿಯಿಂದಲೇ ‘ಒರು ನಡಿಗೈ ನಾಡಗಂ ಪಾರ್ಕಿರಾಳ್’ ಮೂಡಿತು. 1978ರಲ್ಲಿ ಭೀಮ್‌ಸಿಂಗ್ ತೀರಿಕೊಂಡರು. ಅದೇ ವರ್ಷ ಜಯಕಾಂತನ್ ತಾವೇ ನಿರ್ದೇಶಿಸಿದ ‘ಪುದು ಚೆರುಪ್ಪು ಕಡಿಕ್ಕುಂ’ ಚಿತ್ರಕ್ಕೆ ಎಂ.ಬಿ. ಶ್ರೀನಿವಾಸನ್ ಸಂಗೀತ ನೀಡಿದರು. ಜಯಕಾಂತನ್ ಕೊನೆಯದಾಗಿ ಕ್ಯಾಮೆರಾದ ಹಿಂದೆ ನಿಂತದ್ದು ಅದರಲ್ಲೇ.

ಅವರ ನಿರ್ದೇಶನದ ಚಿತ್ರಗಳು ಬೆರಳೆಣಿಕೆಯವು, ಹಣವನ್ನೂ ತರಲಿಲ್ಲ. ಹಾಗೆಂದು ಅವನ್ನು ಸಾಹಿತಿಯೊಬ್ಬರ ಹವ್ಯಾಸವೆಂದು ಬದಿಗಿಡುವುದನ್ನು ನಾನು ಒಪ್ಪಲಾರೆ. ಪುಟದ ಮೇಲೆ ಯಾರ ಪರವಾಗಿ ನಿಂತಿದ್ದರೋ ತೆರೆಯ ಮೇಲೂ ಅವರ ಪರವಾಗಿಯೇ ನಿಂತರು, ಮಾರುಕಟ್ಟೆಗಾಗಿ ಜಾಗ ಬದಲಿಸಲಿಲ್ಲ. ಚಿತ್ರರಂಗದಲ್ಲಿ ಕಂಡದ್ದನ್ನೆಲ್ಲ ಮುಂದೆ ಒಂದು ಪುಸ್ತಕವಾಗಿಯೂ ಬರೆದಿಟ್ಟರು.

2002ನೆಯ ಸಾಲಿನ ಜ್ಞಾನಪೀಠ ಅವರಿಗೆ ಸಂದಿತು. ಅಖಿಲನ್ ಬಳಿಕ ಆ ಗೌರವ ಪಡೆದ ಎರಡನೆಯ ತಮಿಳು ಲೇಖಕ ಅವರು. 2009ರಲ್ಲಿ ಪದ್ಮಭೂಷಣ ಬಂತು. 2015ರ ಏಪ್ರಿಲ್ 8ರಂದು ಚೆನ್ನೈಯಲ್ಲಿ ತೀರಿಕೊಂಡರು. ಅವರು ನಿರ್ದೇಶನ ನಿಲ್ಲಿಸಿದ ಮೇಲೂ ಅವರ ಕಥೆಗಳು ಸಿನಿಮಾವನ್ನು ಬಿಟ್ಟಿರಲಿಲ್ಲ. ಭೀಮ್‌ಸಿಂಗ್ ಅವರ ಮಗ, ಸಂಕಲನಕಾರ ಬಿ. ಲೆನಿನ್, ಜಯಕಾಂತನ್‌ರ ‘ಊರುಕ್ಕು ನೂರುಪೇರ್’ ಕೃತಿಯನ್ನು ಚಿತ್ರವಾಗಿಸಿ 2001ನೆಯ ಸಾಲಿನ ಶ್ರೇಷ್ಠ ನಿರ್ದೇಶಕ ರಾಷ್ಟ್ರ ಪ್ರಶಸ್ತಿ ಪಡೆದರು.