ಸ್ವಮೋಹ: ತನ್ನಲ್ಲಿ ತಾನೇ ಗುರುತಿಸುವ ಬಗೆ



ಮೈಗೆ ಜ್ವರ ಬಂದರೆ ಅದು ಮೊದಲು ರೋಗಿಗೇ ತಿಳಿಯುತ್ತದೆ. ನಾನಿಂದು ಪ್ರಸ್ತಾಪಿಸಲಿರುವ ಸ್ವಭಾವದೋಷ ಹಾಗಲ್ಲ. ಅದು ಮೊದಲು ಹೆಂಡತಿಗೆ, ಮಕ್ಕಳಿಗೆ, ಕೈಕೆಳಗಿನ ನೌಕರರಿಗೆ ತಿಳಿಯುತ್ತದೆ. ಅದುಳ್ಳವನಿಗೆ ತಿಳಿಯುವುದು ಕಟ್ಟಕಡೆಗೆ.

ಗ್ರೀಕ್ ಪುರಾಣದ ನಾರ್ಸಿಸಸ್ ಎಂಬ ತರುಣನು ಕೊಳದಲ್ಲಿ ಕಂಡ ತನ್ನ ಪ್ರತಿಬಿಂಬಕ್ಕೇ ಮರುಳಾಗಿ ಅಲ್ಲಿಯೇ ಕ್ಷೀಣಿಸಿದನಂತೆ. ಮನೋವಿಜ್ಞಾನವು ಈ ದೋಷಕ್ಕೆ ಅವನ ಹೆಸರನ್ನೇ ಇಟ್ಟಿದೆ. ಕನ್ನಡದಲ್ಲಿ ಕೆಲವರು ‘ಆತ್ಮರತಿ’ ಎನ್ನುವುದುಂಟು. ಭಾಷಾಂತರವೇ ವೃತ್ತಿಯಾಗಿರುವ ನನಗೆ ಆ ಪದವನ್ನು ಬಳಸಲು ಸಂಕೋಚ. ಛಾಂದೋಗ್ಯೋಪನಿಷತ್ತಿನಲ್ಲಿಯೂ ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಅದು ಜ್ಞಾನಿಯ ಲಕ್ಷಣ. ಆದ್ದರಿಂದ ‘ಸ್ವಮೋಹ’ ಎನ್ನೋಣ. ಇದು ಸ್ವಾಭಿಮಾನವೂ ಅಲ್ಲ. ಸ್ವಾಭಿಮಾನಿಯು ಪರರ ಹೊಗಳಿಕೆಯಿಲ್ಲದೆ ಬಾಳಬಲ್ಲ. ಸ್ವಮೋಹಿಗೆ ಅದಿಲ್ಲದೆ ದಿನ ಸಾಗದು.

ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ವ್ಯಕ್ತಿತ್ವದ ವಿಕಾರಗಳ ಪಟ್ಟಿಗೆ ಸೇರಿಸಿತು. ಅದರ ಈಗಿನ ಪಟ್ಟಿಯಲ್ಲಿ 9 ಲಕ್ಷಣಗಳಿದ್ದು, ಕನಿಷ್ಠ 5 ಲಕ್ಷಣಗಳು ಸ್ಥಿರವಾಗಿ ಕಂಡುಬಂದಲ್ಲಿ ಮಾತ್ರ ಅದು ವಿಕಾರವೆನಿಸುತ್ತದೆ. ಹಾಗೆಂದು ನಿರ್ಣಯಿಸಬೇಕಾದವರು ವೈದ್ಯರು. ಒಂದೆರಡು ಲಕ್ಷಣಗಳು ನಮ್ಮಲ್ಲಿ ಬಹುಮಂದಿಯಲ್ಲಿ ಇದ್ದೇ ಇರುತ್ತವೆ. (ಮನೆಯ ಜಗಳದಲ್ಲಿ ಈ ಪಟ್ಟಿಯನ್ನು ಎದುರಿನವರ ಮೇಲೆ ಪ್ರಯೋಗಿಸಬಾರದೆಂದು ವಿನಂತಿ.)

ಕೆಲವು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬಹುದು. ಕಚೇರಿಯಲ್ಲಿ ಕಿರಿಯನೊಬ್ಬ ನಿಮ್ಮ ಕರಡಿನಲ್ಲಿ ತಪ್ಪು ತೋರಿಸಿದಾಗ ನೀವು ಮೊದಲು ನೋಡುವುದು ಆ ತಪ್ಪನ್ನೋ, ಅವನ ವಯಸ್ಸನ್ನೋ? ಮಗಳು ತನ್ನ ಪರೀಕ್ಷೆಯ ಸುದ್ದಿ ಹೇಳಹೊರಟರೆ ಮಾತು ನಿಮ್ಮ ಕಾಲದ ಪರೀಕ್ಷೆಗಳತ್ತ ಹೊರಳುವುದೇ? ನೀವು ಒಳಗೆ ಕಾಲಿಟ್ಟೊಡನೆ ನಡುಮನೆಯ ನಗು ನಿಲ್ಲುವುದೇ? ಆ ಮೌನವನ್ನು ಗೌರವವೆಂದೇ ಭಾವಿಸಿ ಬಾಳಿದವರು ಬಹಳ. ಅಂಥವರ ಮಕ್ಕಳು ದೊಡ್ಡವರಾದ ಮೇಲೆ ತಿಂಗಳು ತಿಂಗಳೂ ಹಣ ಕಳುಹಿಸುತ್ತಾರೆ, ಔಷಧಿ ತಂದುಕೊಡುತ್ತಾರೆ. ಹತ್ತಿರ ಕುಳಿತು ಮಾತನಾಡುವುದಿಲ್ಲ.

ಹಾಗಾದರೆ ಇಂದಿನಿಂದ ವಿನಯವಂತನಾಗುವೆನೆಂದು ಸಂಕಲ್ಪಿಸಿದರಾಯಿತೇ? ನಮ್ಮ ಪುಣೆಯ ಯರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಯವರು 1930ರಲ್ಲಿ ವ್ರತಗಳನ್ನು ಕುರಿತು ಸಾಬರಮತಿ ಆಶ್ರಮಕ್ಕೆ ವಾರವಾರವೂ ಪತ್ರ ಬರೆಯುತ್ತಿದ್ದರು. ಆಶ್ರಮದ ನಿಯಮಗಳ ಕರಡನ್ನು ಹಿಂದೆ ಓದಿದ್ದ ಸರ್ ಗುರುದಾಸ್ ಬ್ಯಾನರ್ಜಿಯವರು ವಿನಯವನ್ನೂ ಒಂದು ವ್ರತವಾಗಿ ಸೇರಿಸಬೇಕೆಂದು ಸೂಚಿಸಿದ್ದರು. ಆ ಸೂಚನೆಯನ್ನು ಏಕೆ ಸ್ವೀಕರಿಸಲಿಲ್ಲವೆಂಬುದನ್ನು ಗಾಂಧೀಜಿ ಒಂದು ಪತ್ರದಲ್ಲಿ ವಿವರಿಸಿದ್ದಾರೆ: ವಿನಯವು ಉದ್ದೇಶಪೂರ್ವಕ ಅಭ್ಯಾಸಕ್ಕೆ ಒಗ್ಗುವಂಥದಲ್ಲ, ನಿಜವಾದ ವಿನಯವುಳ್ಳವನಿಗೆ ಅದರ ಅರಿವೇ ಇರುವುದಿಲ್ಲ, ಅದನ್ನು ಸಾಧಿಸಹೊರಟರೆ ಕೈಗೆ ಬರುವುದು ಡಾಂಭಿಕತೆ. ಅವರು ತೋರಿದ ದಾರಿ ನಿರಂತರ ಸೇವೆಯದು. ಮನೋವಿಜ್ಞಾನದ ಪರಿಭಾಷೆ ಅಲ್ಲಿಲ್ಲದಿದ್ದರೂ ನಮ್ಮ ವಿಷಯಕ್ಕೆ ಇದಕ್ಕಿಂತ ಉಪಯುಕ್ತವಾದ ಮಾತನ್ನು ನಾನು ಕಂಡಿಲ್ಲ. ಸ್ವಮೋಹಿಯು ವಿನಯವನ್ನೂ ಪದಕದಂತೆ ಧರಿಸಬಲ್ಲ.

ಆದಕಾರಣ ಗುಣವನ್ನು ಬಿಟ್ಟು ನಡತೆಯನ್ನು ತಿದ್ದುವುದು ಮೇಲು. ಎದುರಿನವರು ಮಾತು ಮುಗಿಸುವವರೆಗೆ ತಡೆದು, ಅವರ ವಿಷಯವಾಗಿಯೇ ಒಂದು ಪ್ರಶ್ನೆ ಕೇಳಿರಿ. ಕ್ಷಮೆ ಕೇಳುವಾಗ ‘ಆದರೆ’ ಎಂಬ ಪದ ಬೇಡ. ಕಡತದಲ್ಲಿ ಕೆಲಸ ಮಾಡಿದವರ ಹೆಸರನ್ನೇ ಬರೆಯಿರಿ. ನಿಮ್ಮ ಹೆಸರು ಎಲ್ಲಿಯೂ ಕಾಣಿಸದ ಒಂದು ಸೇವೆಯನ್ನು ವಹಿಸಿಕೊಳ್ಳಿರಿ. ಮನೆಯಲ್ಲಿ ಒಬ್ಬರಿಗೆ ನಿಮ್ಮನ್ನು ತಡೆದು ಹೇಳುವ ಅಧಿಕಾರ ಕೊಡಿರಿ. ಅವರು ಮೊದಲ ಸಲ ಅದನ್ನು ಚಲಾಯಿಸಿದಾಗ ನಿಮಗೆ ಕೋಪ ಬಂದೇ ಬರುತ್ತದೆ. ಅಂದು ಸುಮ್ಮನಿರುವುದೇ ದೊಡ್ಡ ಕೆಲಸ.

ಈ ದರ್ಪದ ಅಡಿಯಲ್ಲಿ ಹಳೆಯ ಅವಮಾನವೋ ಭಯವೋ ಅಡಗಿರುವುದೂ ಉಂಟು. ಅದನ್ನು ಒಬ್ಬರೇ ಕೆದಕುವುದಕ್ಕಿಂತ ಬಲ್ಲವರ ನೆರವು ಪಡೆಯುವುದು ಲೇಸು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮರಾಠಿ ಎರಡರಲ್ಲಿಯೂ ಸಲಹೆ ದೊರೆಯುತ್ತದೆ. ವೈದ್ಯರನ್ನೇ ಕಾಣುವುದಾದರೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರು ಮಾತನಾಡುವಾಗ ನಡುವೆ ಬಾಯಿ ಹಾಕಬೇಡಿರಿ.